ಉಡಿ ಅಕ್ಕಿಯೊಳಗಿನ ಫೋನು

ಕಸ್ತೂರೆವ್ವನ ಮನೆಯ ಹಿತ್ತಲಲ್ಲಿ ಎಮ್ಮೆಗೆಂದು ಒಂದು ಮುಸುರೆ ಬಾನಿ ಇದೆ. ಪಾತ್ರೆ ತೊಳೆದ ನೀರು, ಹಳಸಿದ ಅನ್ನ, ರೊಟ್ಟಿ ಚೂರು, ಮೇಲೊಂದು ಬೊಗಸೆ ತೌಡು, ಎಲ್ಲ ಅದರೊಳಗೆ. ಪಂಚಮಿ ಹತ್ತಿರ ಬರುತ್ತಿದ್ದ ದಿನಗಳು. ಒಂದು ಮುಂಜಾನೆ ಕಿರಿಯ ಸೊಸೆ ಶಾಂಭವಿಯ ಫೋನು ಆ ಬಾನಿಗೆ ಬಿತ್ತು.

ಬೀಳುವ ಮೊದಲು ಅದು ಬಾನಿಯ ಅಂಚಿನ ಮೇಲೆ ಗೋಡೆಗೆ ಆತುಕೊಂಡು ಕೂತಿತ್ತು. ಅದರೊಳಗಿಂದ ಶಾಂಭವಿಯ ತಾಯಿ ಅಣ್ಣಿಗೇರಿಯಲ್ಲಿ ಕೂತು ಮೊರಬದಲ್ಲಿರುವ ಮಗಳ ಕೆಲಸ ನೋಡುತ್ತಿದ್ದಳು. ದಿನಾ ನೋಡುತ್ತಿದ್ದಳು.

“ಅಷ್ಟೂ ಭಾಂಡೆ ನೀ ಒಬ್ಬಾಕಿನ ತಿಕ್ಕಬೇಕೇನವಾ? ನಿಮ್ಮ ನೆಗೆಣ್ಣಿ ಎಲ್ಲಿ?”

“ಅಕ್ಕಾರು ರೊಟ್ಟಿ ಮಾಡಾಕತ್ತಾರಬೇ.”

“ರೊಟ್ಟಿ ಅಂದ್ರ ನೆರಳಾಗ ಕುಂತು ಮಾಡೂ ಕೆಲಸ. ನೀ ನೋಡು, ಬಿಸಲಾಗ ಕುಂತಿ.”

ಒಳಗೆ ಒಲೆಯ ಮುಂದಿದ್ದ ಹಿರಿಯ ಸೊಸೆ ಬಸಲಿಂಗವ್ವನಿಗೆ ಇದೆಲ್ಲ ಕೇಳಿಸಿತು. ಬೆಂಕಿಯ ಮುಂದೆ ಬೆವರು ಸುರಿಸುವುದು ಅಣ್ಣಿಗೇರಿಯವರ ಲೆಕ್ಕದಲ್ಲಿ ನೆರಳಂತೆ. ಅವಳು ಆ ಸಿಟ್ಟಿನಲ್ಲಿ ಎಷ್ಟು ಜೋರಾಗಿ ಬಡಿದಳೆಂದರೆ ಕೈಯೊಳಗಿನ ರೊಟ್ಟಿ ನಡುವೆ ಹರಿಯಿತು.

ಅಷ್ಟರಲ್ಲಿ ಹಿತ್ತಲಲ್ಲಿ ಎಮ್ಮೆ ಬಾನಿಗೆ ಮೂತಿ ಚಾಚಿತು. “ಅಯ್ಯಯ್ಯೋ ಯವ್ವಾ!” ಎಂಬ ಕೂಗಿಗೆ ಬಸಲಿಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ಶಾಂಭವಿ ಮೊಣಕೈಯವರೆಗೆ ಮುಸುರೆಯಲ್ಲಿ ಕೈ ಬಿಟ್ಟು ತಡಕಾಡುತ್ತಿದ್ದಳು. ಫೋನು ಮೇಲೆ ಬಂದಾಗ ಇನ್ನೂ ಹತ್ತಿಕೊಂಡಿತ್ತು. ಮುಖದ ತುಂಬ ತೌಡು ಮೆತ್ತಿದ್ದ ಬೀಗತಿ, “ಏನಾತವಾ? ಯಾಕ ಕತ್ತಲಾತು?” ಎಂದು ಕೇಳಿದಳು. ಆಮೇಲೆ ಅವಳೂ ಆರಿಹೋದಳು.

ಬಸಲಿಂಗವ್ವನಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಅಗದಿ ಹೊಟ್ಟೆ ತಂಪಾಗುವಷ್ಟು ಖುಷಿಯಾಯಿತು. “ಅಯ್ಯ, ಬಿತ್ತೇನು?” ಎಂದಷ್ಟೇ ಕೇಳಿ ಒಳಗೆ ಹೋಗಿ ಇನ್ನೊಂದು ರೊಟ್ಟಿಗೆ ಹಿಟ್ಟು ನಾದಿದಳು. ಅದು ತೆಳ್ಳಗೆ, ದುಂಡಗೆ ಬಂತು.

ಆ ಫೋನು ಬಂದದ್ದು ಹಿಂದಿನ ವರ್ಷ, ಶಾಂಭವಿಯ ಮೊದಲ ಪಂಚಮಿಗೆ. ತವರಿನವರು ಸೀರೆ, ಉಂಡಿ, ಬೆಳ್ಳಿಯ ಕುಂಕುಮದ ಬಟ್ಟಲು, ಎಲ್ಲದರ ಮೇಲೆ ಈ ಫೋನು ಇಟ್ಟು ಕಳಿಸಿದ್ದರು. ಅದೇ ಪಂಚಮಿಗೆ ಬಸಲಿಂಗವ್ವನ ತವರು ತಂಬೂರಿನಿಂದ ಒಂದು ಉಂಡಿಯೂ ಬರಲಿಲ್ಲ. ಅದಕ್ಕೂ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಕ್ರಿಯಾಕರ್ಮದ ದಿನ ಅಳಿಯಂದಿರಿಗೆ ಆಯೇರಿ ಮಾಡುವಾಗ ಅಣ್ಣ ದ್ಯಾಮಣ್ಣ ದೊಡ್ಡಳಿಯನಿಗೆ ಧೋತರ ಹೊದಿಸಿ, ಬಸಲಿಂಗವ್ವನ ಗಂಡ ಮಂಜಪ್ಪನ ಕೈಗೆ ಒಂದು ಟಾವೆಲ್ ಕೊಟ್ಟಿದ್ದ. ಮಂಜಪ್ಪ ಆ ಟಾವೆಲನ್ನು ಅಲ್ಲೇ ಕಂಬಕ್ಕೆ ನೇತುಹಾಕಿ ಎದ್ದುಬಂದವನು ಇವತ್ತಿನವರೆಗೂ ಭಾವಮೈದುನನ ಫೋನು ಎತ್ತಿಲ್ಲ. ಎರಡು ವರ್ಷವಾಯಿತು, ತಂಬೂರಿನವರು ಕರೆಯಲಿಲ್ಲ, ಇವಳು ಹೋಗಲಿಲ್ಲ.

ಇನ್ನು ಮಗಳು ಸ್ನೇಹಾ. ಹತ್ತನೆಯ ಇಯತ್ತೆ ಓದುವ ಹುಡುಗಿ, ಸಾಲೆಯಿಂದ ಬಂದವಳೇ “ಚಿಗವ್ವಾ” ಎಂದು ಶಾಂಭವಿಯ ಬಾಜು ಕೂತು ಫೋನಿನೊಳಗೆ ಮುಖ ಹುದುಗಿಸುತ್ತಿದ್ದಳು. ಹೆತ್ತವಳು ಕರೆದರೆ “ತಡಿ ಬೇ” ಎನ್ನುತ್ತಿದ್ದಳು. ತವರು ಹೋಯಿತು, ಈಗ ಮಗಳೂ ಆ ಫೋನಿನ ಪಾಲಾಗುತ್ತಿದ್ದಾಳೆಂದು ಬಸಲಿಂಗವ್ವ ಉರಿಯುತ್ತಿದ್ದಳು.

ಅವತ್ತು ಅವಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ಹೆಸರು ಬೆಳೆಯೊಳಗೆ ಕಳೆ ತೆಗೆಯುವುದಿತ್ತು. ಮನೆಯಲ್ಲಿ ಉಳಿದ ಕಸ್ತೂರೆವ್ವ, ಅಳುತ್ತ ಕೂತ ಕಿರಿಸೊಸೆಯ ಕೈಯಿಂದ ಫೋನು ಕಸಿದು ಸೆರಗಿನಿಂದ ಒರೆಸಿದಳು.

“ಅಳಬ್ಯಾಡ. ಅಕ್ಕಿಯೊಳಗ ಹುಗದಿಟ್ರ ನೀರೆಲ್ಲಾ ಎಳಕೊಂತೈತಿ. ಆಚಿ ಮನಿ ಮಲಿಕಾಬಿ ಹಂಗ ಮಾಡಿದ್ಲು.”

ಶಾಂಭವಿ ರೇಷನ್ ಅಕ್ಕಿಯ ಡಬ್ಬಿಗೆ ಕೈ ಹಾಕಿದಳು.

“ಅದು ಬ್ಯಾಡ! ಅದರಾಗ ಪ್ಲಾಸ್ಟಿಕ್ ಅಕ್ಕಿ ಕೂಡಿಸಿರತಾರ. ಪ್ಲಾಸ್ಟಿಕ್ ಎಲ್ಲೆರ ನೀರ ಕುಡೀತೈತೇನ?”

ಅವು ಪ್ಲಾಸ್ಟಿಕ್ ಅಲ್ಲ, ಸತ್ವ ಬೆರೆಸಿದ ಕಾಳು ಎಂದು ಅಂಗನವಾಡಿ ಟೀಚರು ಹೇಳಿ ಹೇಳಿ ದಣಿದಿದ್ದಳು. ಕಸ್ತೂರೆವ್ವ ಮಾತ್ರ ದಿನಾ ಅನ್ನಕ್ಕಿಡುವ ಮುಂಚೆ ಆ ಕಾಳುಗಳನ್ನು ಆರಿಸಿ ಕೋಳಿಗೆ ಹಾಕುವುದನ್ನು ಬಿಟ್ಟಿರಲಿಲ್ಲ. ಜೋಳದ ಮನೆಯಲ್ಲಿ ಬೇರೆ ಅಕ್ಕಿ ಎಲ್ಲಿಂದ ಬರಬೇಕು? ಅವಳಿಗೆ ಹಿರಿಸೊಸೆಯ ಟ್ರಂಕು ನೆನಪಾಯಿತು.

ಸಂಜೆ ಬಸಲಿಂಗವ್ವ ಹೊಲದಿಂದ ಬಂದು ಕಾಲು ತೊಳೆದು ಅಡುಗೆಮನೆಗೆ ಕಾಲಿಟ್ಟವಳು ಗೋಡೆಯ ಮಾಡದೊಳಗೆ ನೋಡಿ ನಿಂತುಬಿಟ್ಟಳು. ಹಸಿರು ಕುಬಸದ ಕಣದ ಬಟ್ಟೆ. ಅವಳದೇ ಗಂಟು. ಬಾಯಿ ಬಿಚ್ಚಿತ್ತು. ಅಕ್ಕಿಯ ನಡುವೆ ಫೋನಿನ ಮೂಲೆ ಕಾಣುತ್ತಿತ್ತು.

“ಇದನ್ನ ಯಾರು ತಗದ್ರು?”

“ನಾನ ತಗದೆ,” ಎಂದಳು ಕಸ್ತೂರೆವ್ವ, ಮೊರದಲ್ಲಿ ಬೇಳೆ ಕೇರುತ್ತ. “ಚೊಲೋ ಅಕ್ಕಿ ಬೇಕಾಗಿತ್ತು.”

“ಅತ್ತೀ, ಇದು ನಮ್ಮವ್ವ ಉಡಿ ತುಂಬಿದ ಅಕ್ಕಿ!”

“ಗೊತ್ತೈತಿ. ಉಡಿ ಅಕ್ಕಿ ತಂದ ವಾರದಾಗ ಹುಗ್ಗಿ ಮಾಡಿ ಮನಿಮಂದಿ ಉಣ್ಣಬೇಕು. ನೀ ಅದಕ್ಕ ಬೇವಿನೆಲಿ ಹಾಕಿ ಟ್ರಂಕಿನ್ಯಾಗ ಮುಚ್ಚಿ ಇಟ್ಟಿ. ಯಾವೂರ ಪದ್ಧತಿ ಇದು?”

“ಅದು ಆಕಿ ಕಡೀ ಸಲ ತುಂಬಿದ ಉಡಿ. ಉಂಡಬಿಟ್ರ ನನಗೇನ ಉಳೀತೈತಿ?” ಬಸಲಿಂಗವ್ವನ ದನಿ ಏರಿತು. “ಮುಸುರಿಯೊಳಗ ಬಿದ್ದ ಫೋನು! ನಮ್ಮವ್ವನ ಅಕ್ಕಿಗೆ ಮುಸುರಿ ಹಚ್ಚಿದ್ರಿ!”

ಶಾಂಭವಿ ಬಾಗಿಲಲ್ಲಿ ನಿಂತು, “ಅಕ್ಕಾರ, ನನಗ ಗೊತ್ತಿರಲಿಲ್ರಿ, ಅತ್ತಿಯಾರು ತಂದ್ರು…” ಎಂದಳು.

“ನಿನಗ್ಯಾಕ ಗೊತ್ತಿರತೈತಿ? ನಿನಗ ವರ್ಷಾ ಎರಡ ಸಲ ಉಡಿ ತುಂಬತಾರ. ನಿನಗ ಅಕ್ಕಿ ಅಂದ್ರ ಬರೇ ಅಕ್ಕಿ.”

“ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಒಂದ ಮಾತು… ಭಾವಾರ ಫೋನ್ ತಗೊಂಡು ನೀವ ಒಮ್ಮಿ ತಂಬೂರಿಗೆ ಮಾತಾಡಬಾರದೇನ್ರಿ?”

ಬಸಲಿಂಗವ್ವನಿಗೆ ಮೈಯೆಲ್ಲ ಉರಿ ಹತ್ತಿತು. ಅಕ್ಕಿ ಕೆಡಿಸಿದ್ದಲ್ಲದೆ ಮೇಲೆ ಇದೊಂದು ಚುಚ್ಚು. ಕರೆಯದ ತವರಿಗೆ ತಾನಾಗಿ ಫೋನು ಮಾಡಿ ಬೇಡಿಕೊಳ್ಳಬೇಕಂತೆ.

“ನನ್ನ ತವರಿನ ಚಿಂತಿ ನಿನಗ ಬ್ಯಾಡ. ನಿನ್ನ ಫೋನ್ ನೋಡಿಕೋ,” ಎಂದು ಅಲ್ಲಿಂದ ಹೊರಟುಹೋದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ಮಂಜಪ್ಪ “ಯಾಕ?” ಎಂದು ಒಮ್ಮೆ ಕೇಳಿ, ಅವಳ ಪಾಲಿನ ಬದನೆಕಾಯಿ ಪಲ್ಯವನ್ನೂ ಹಾಕಿಕೊಂಡ.

ಮುಂದಿನ ದಿನಗಳಲ್ಲಿ ಮನೆಯವರೆಲ್ಲರ ಕಣ್ಣು ಆ ಮಾಡದ ಮೇಲೆಯೇ. ಸ್ನೇಹಾ ಸಾಲೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಗಂಟು ಮುಟ್ಟಿನೋಡುತ್ತಿದ್ದಳು. ಶಾಂಭವಿಯ ಸಿಮ್ಮನ್ನು ಮಂಜಪ್ಪನ ಗುಂಡಿ ಫೋನಿಗೆ ಹಾಕಿ ನೋಡಿದರು, ಆ ಚಿಕ್ಕ ಸಿಮ್ಮು ಅದರೊಳಗೆ ಕೂರಲಿಲ್ಲ. ತಾಯಿಯ ಕಾವಲಿಲ್ಲದ ಶಾಂಭವಿ ಮೊದಲಿಗಿಂತ ಹೆಚ್ಚು ಭಾಂಡೆ ತಿಕ್ಕಿದಳು. ಬಸಲಿಂಗವ್ವ ಅದನ್ನು ಗಮನಿಸಿ, ‘ಈಗ ಬಿಸಿಲು ಹತ್ತುವುದಿಲ್ಲ ನೋಡು’ ಎಂದುಕೊಂಡಳು. ಆದರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕಿಯ ಗಂಟನ್ನು ವಾಪಸು ತೆಗೆದುಕೊಳ್ಳಲು ಅಭಿಮಾನ ಬಿಡದು, ಅಲ್ಲಿರುವುದನ್ನು ನೋಡಲು ಮನಸ್ಸು ಬಾರದು.

ಕೊನೆಗೆ ಫೋನು ಹೊರಗೆ ತೆಗೆದರೆ ಅದು ಮಿಸುಕಲಿಲ್ಲ. ಹುಬ್ಬಳ್ಳಿ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಹೊಡೆಯುವ ಗಾಡಿಯ ಡ್ರೈವರಾದ ಈರೇಶ, ಶಾಂಭವಿಯ ಗಂಡ, ನವಲಗುಂದದ ಮುಜಫರನ ರಿಪೇರಿ ಅಂಗಡಿಗೆ ಒಯ್ದು ಬಂದು ಊಟದ ಹೊತ್ತಿಗೆ ವರದಿ ಒಪ್ಪಿಸಿದ.

“ಬಿಚ್ಚಿ ತೋರಿಸಿದ. ಒಳಗ ತೌಡು, ಅಕ್ಕಿ ಹಿಟ್ಟು ಕೂಡಿ ಅಂಬಲಿ ಆಗೇತಿ. ಚಾರ್ಜಿಂಗ್ ತೂತಿನ್ಯಾಗ ಒಂದ ಅಕ್ಕಿಕಾಳು ಜಡದ ಕುಂತಿತ್ತು. ‘ಅವತ್ತ ಬಂದ್ ಮಾಡಿ ಸೀದಾ ನನ್ನ ಕಡೆ ತಂದಿದ್ರ ತೊಳದು ಒಣಗಿಸಿ ಕೊಡತಿದ್ದೆ, ಅಕ್ಕಿಯೊಳಗ ಇಟ್ಟು ಕೆಲಸಾ ಹೆಚ್ಚ ಮಾಡೀರಿ’ ಅಂದ.”

“ಅವಗೇನ ಗೊತ್ತು?” ಎಂದಳು ಕಸ್ತೂರೆವ್ವ. “ರೇಷನ್ ಅಕ್ಕಿಯೊಳಗ ಇಟ್ಟಿದ್ರ ಪೂರಾ ಹೋಗಿರತಿತ್ತು.”

ಈರೇಶ ನಗುತ್ತ ಜೇಬಿನಿಂದ ಕಾಗದದ ಪುಡಿಕೆ ತೆಗೆದ. “ವೈನೀ, ತಗೋರಿ, ನಿಮ್ಮ ತವರಮನಿ ಕಾಳು. ಮುಜಫರ್ ಚಿಮಟಿಗಿಲೆ ತಗದ ಕೊಟ್ಟಾನ.”

ಯಾರೂ ನಗಲಿಲ್ಲ. ಬಸಲಿಂಗವ್ವ ಕೈ ಚಾಚಿ ಆ ಒಂದು ಕಾಳನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಈರೇಶ ತಲೆ ತಗ್ಗಿಸಿ ರೊಟ್ಟಿ ಮುರಿದ. ಫೋನಿಗೆ ಹೊಸ ಬ್ಯಾಟರಿ ಹುಬ್ಬಳ್ಳಿಯಲ್ಲೂ ಇಲ್ಲವಂತೆ, ದೂರದಿಂದ ತರಿಸಬೇಕಂತೆ, ಪಂಚಮಿ ಆದಮೇಲೆಯೇ ಸಿಗುತ್ತದಂತೆ ಎಂದು ಮೆಲ್ಲಗೆ ಹೇಳಿದ.

ಪಂಚಮಿಗೆ ಇನ್ನೇನು ಮೂರು ನಾಲ್ಕು ದಿನ ಇರುವಾಗ ಬಾಗಿಲಿಗೆ ಕಾರು ಬಂತು. ಶಾಂಭವಿಯ ಅಪ್ಪ. ಎರಡು ಡಬ್ಬಿ ಉಂಡಿ ಇಳಿಸಿ ಪಡಸಾಲೆಯಲ್ಲಿ ಕೂತ.

“ಅಳಿಯಂದ್ರು ಫೋನಿನ್ಯಾಗ ಹೇಳಿದ್ರು, ಬಾನಿಯೊಳಗ ಬಿದ್ದೈತಿ ಅಂತ. ಆದ್ರ ನಮ್ಮ ಮನಿಯಾಕಿ ಕೇಳಬೇಕಲ್ರಿ? ‘ಮಗಳ ಮಾರಿ ನೋಡದ ತುತ್ತು ಇಳಿಯಂಗಿಲ್ಲ, ನೀವ ಹೋಗಿ ಕರಕೊಂಡ ಬರ್ರಿ’ ಅಂತ ಬೆನ್ನ ಹತ್ತಿದ್ಲು.”

ಬಸಲಿಂಗವ್ವ ಅವನಿಗೆ ಚಹಾ ತಂದು ಕೊಟ್ಟಳು. ಒಂದು ಫೋನು ನಾಲ್ಕು ದಿನ ಬಂದ್ ಆಗಿದ್ದಕ್ಕೆ ಅಪ್ಪ ಕಾರು ಮಾಡಿಕೊಂಡು ಬಂದ. ತಾನು ಎರಡು ವರ್ಷದಿಂದ ಬಂದ್ ಆಗಿದ್ದೇನೆ, ಒಬ್ಬರಾದರೂ ಬಂದು ನೋಡಿದರೇ? ಆ ಹೊತ್ತಿನಲ್ಲಿ ಅವಳು ಶಾಂಭವಿಯನ್ನು ಮನಸಾರೆ ದ್ವೇಷಿಸಿದಳು. ಅವಳ ಹೊಸ ಸೀರೆಯನ್ನು, ಅವಳ ಅಪ್ಪನ ಇಸ್ತ್ರಿ ಅಂಗಿಯನ್ನು, ಅವರ ಉಂಡಿಯ ತುಪ್ಪದ ವಾಸನೆಯನ್ನೂ ದ್ವೇಷಿಸಿದಳು.

ಹೊರಡುವಾಗ ಶಾಂಭವಿ ಅವಳ ಕಾಲಿಗೆರಗಿ ಏನೋ ಹೇಳಲು ಬಾಯಿ ತೆರೆದಳು. “ಅಕ್ಕಾರ, ಫೋನ್ ಬಂದ ಕೂಡಲೇ…”

“ಬಂದ ಕೂಡಲೇ ನಿನಗ ಮುಟ್ಟಿಸ್ತಾರ ಹೋಗು. ಅಂಜಬ್ಯಾಡ, ನಾ ಏನ ಅದನ್ನ ಕಚ್ಚಿ ತಿನ್ನಂಗಿಲ್ಲ,” ಎಂದಳು ಬಸಲಿಂಗವ್ವ.

ಪಂಚಮಿಯ ದಿನ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತ ಕಿರುಚುತ್ತಿದ್ದರು. ಬಸಲಿಂಗವ್ವ ಹುತ್ತಕ್ಕೆ ಹಾಲೆರೆದು ಬಂದು ಜೋಳದ ಅಳ್ಳು ಹುರಿದಳು, ತಂಬಿಟ್ಟು ಕಟ್ಟಿದಳು, ಎಮ್ಮೆ ಹಿಂಡಿದಳು, ಭಾಂಡೆಯೆಲ್ಲ ತಾನೇ ತಿಕ್ಕಿದಳು. ಮಧ್ಯಾಹ್ನದ ತಂಬೂರಿನ ಕಡೆಯ ಬಸ್ಸು ಬಂದು ಹೋದ ಸಪ್ಪಳ ಕೇಳಿದ ಮೇಲೆ ಬಾಗಿಲ ಕಡೆ ನೋಡುವುದನ್ನು ಬಿಟ್ಟಳು. ಶಾಂಭವಿಯ ಮನೆಯ ಉಂಡಿಯನ್ನು ಸ್ನೇಹಾ ತಂದು ಬಾಯಿಗೆ ಹಿಡಿದಾಗ ಕೈ ತಳ್ಳಿದಳು.

“ಯವ್ವಾ, ಹಬ್ಬದ ದಿನಾ ಹಿಂಗ್ಯಾಕ ಮಾಡ್ತೀ?”

“ಸೀ ತಿಂದ್ರ ನನಗ ಹಲ್ಲ ನೋಯತಾವ.”

ಹಬ್ಬ ಕಳೆದ ವಾರದಲ್ಲಿ ಈರೇಶ ಫೋನನ್ನು ಮನೆಗೆ ತಂದ. “ನಾಳಿ ಅಣ್ಣಿಗೇರಿಗೆ ಹೋಗಿ ಆಕಿನ್ನ ಕರಕೊಂಡ ಬರತೀನಿ. ಅಲ್ಲಿತನಾ ಚಾರ್ಜ್ ಆಗಲಿ,” ಎಂದು ಮಾಡದಲ್ಲಿಟ್ಟು ಗಾಡಿ ತೊಳೆಯಲು ಹೋದ. ಬಸಲಿಂಗವ್ವ ಕಾಳು ಬಿಡಿಸುತ್ತ ಕೂತಿದ್ದಳು. ಸ್ನೇಹಾ ಫೋನು ಹಚ್ಚಿದಳು. ಹಚ್ಚಿದ್ದೇ ತಡ, ಅದು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು.

“ಇಡ ಅದನ್ನ. ಮಂದಿ ಫೋನು.”

“ಯವ್ವಾ, ಇದು ಮಂದೀದಲ್ಲ. ತಂಬೂರ ಮಾಮಾಂದು.”

ಬಸಲಿಂಗವ್ವನ ಕೈ ನಿಂತಿತು. “ಯಾರ ಮಾಮಾ?”

“ದ್ಯಾಮಣ್ಣ ಮಾಮಾ. ಭಾಳ ಮೆಸೇಜ್ ಅದಾವ. ಮಾತಾಡಿ ಕಳಿಸ್ಯಾನ.” ಹುಡುಗಿ ಒತ್ತಿದಳು.

ಎರಡು ವರ್ಷದ ಮೇಲೆ ಅಣ್ಣನ ದನಿ ಅಡುಗೆಮನೆಯೊಳಗೆ ಬಂತು. “ಶಾಂಭವಿ ತಂಗೀ, ನಿನ್ನ ಮಾತ ಕೇಳಿದೆ. ನಾ ಬರತೀನವಾ. ಆದ್ರ ಮಂಜಪ್ಪ ಬಾಗಲದಾಗ ಏನರ ಅಂದ್ರ ಹೆಂಗ? ಮೊದಲ ನಮ್ಮ ಬಸಲಿಂಗಿನ್ನ ಒಮ್ಮಿ ಫೋನಿನ್ಯಾಗ ಮಾತಾಡಸು. ಆಕಿ ಬಾ ಅಂದ್ರ ಸಾಕು.”

ಇನ್ನೊಂದು: “ತಂಗೀ, ನಿನ್ನ ಫೋನ್ ಹತ್ತವಲ್ದಲ್ಲವಾ.”

ಮತ್ತೊಂದು, ಪಂಚಮಿಯ ಹಿಂದಿನ ದಿನದ್ದು: “ಉಂಡಿ ಕಟ್ಟಿ ಇಟ್ಟೀವಿ. ಫೋನ್ ಇನ್ನೂ ಬಂದ್ ಬರತೈತಿ. ಬಸಲಿಂಗಿನ ಬ್ಯಾಡ ಅಂದಿರಬೇಕು. ಇರಲಿ ಬಿಡು. ಆಕಿ ಸಿಟ್ಟು ನ್ಯಾಯಾನ ಐತಿ.”

ಸ್ನೇಹಾ ತಾಯಿಯ ಮುಖ ನೋಡಿ ಹೆದರಿದಳು. “ಇನ್ನೊಂದೈತಿ. ಇದರ ಮೊದಲಿಂದು. ಚಿಗವ್ವನ ದನಿ.”

“ಹಚ್ಚು.”

“ಅಣ್ಣಾರ, ನಾ ಮೊರಬದಿಂದ ಶಾಂಭವಿ ಮಾತಾಡಾಕತ್ತೀನ್ರಿ, ಬಸಲಿಂಗವ್ವ ಅಕ್ಕಾರ ನೆಗೆಣ್ಣಿ. ನಂಬರ್ ಸ್ನೇಹಾನ ಕಡಿಂದ ಇಸಗೊಂಡೆ. ಅಕ್ಕಾರು ನನ್ನ ಕೂಡ ನೆಟ್ಟಗ ಮಾತಾಡಂಗಿಲ್ರಿ, ಖರೆ. ಆದ್ರ ನಮ್ಮಪ್ಪ ಬಂದಾಗೆಲ್ಲಾ ಅವರ ಮಾರಿ ನನಗ ನೋಡಾಕ ಆಗಂಗಿಲ್ಲ. ಈ ಪಂಚಮಿಗೆ ಕರೀರಿ. ನಾ ಹೇಳೀನಿ ಅಂತ ಮಾತ್ರ ಅನಬ್ಯಾಡ್ರಿ, ಅಂದ್ರ ಅವರು ಬರಂಗಿಲ್ಲ. ನಾ ಫೋನ್ ಕೈಯಾಗ ಹಿಡಕೊಂಡ ಇರತೀನಿ.”

ಫೋನು ಬಿದ್ದ ದಿನದ ಹಿಂದಿನ ಸಂಜೆ ಕಳಿಸಿದ್ದು ಅದು. ತಾಯಿಯ ಕರೆ ಬಂದಾಗ ಬಿಟ್ಟರೆ ಮುಂಜಾನೆ ಮಾಡದಲ್ಲೇ ಇರುತ್ತಿದ್ದ ಫೋನು ಅವತ್ತು ಎದ್ದಾಗಿನಿಂದ ಹೊಸ್ತಿಲಿಗೂ ಹಿತ್ತಲಿಗೂ ಬಾನಿಯ ಅಂಚಿಗೂ ಶಾಂಭವಿಯ ಹಿಂದೆಯೇ ತಿರುಗಿದ್ದು ಯಾಕೆಂದು ಬಸಲಿಂಗವ್ವನಿಗೆ ಈಗ ತಿಳಿಯಿತು. ತಾನು ಕಂಡು ಖುಷಿಪಟ್ಟದ್ದು ತನ್ನದೇ ಕರೆ ಮುಸುರೆಯೊಳಗೆ ಮುಳುಗಿದ್ದನ್ನು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಆರಬೇಕಲ್ಲ? ಆರಲಿಲ್ಲ. ಅಣ್ಣ ಕರೆದದ್ದೂ ಶಾಂಭವಿ ಹೇಳಿದ್ದಕ್ಕೆ ಎಂಬುದು ಮುಳ್ಳಿನಂತೆ ನೆಟ್ಟಿತು. ನನ್ನ ತವರಿನ ಬಾಗಿಲನ್ನೂ ಇವಳೇ ತಟ್ಟಬೇಕೇ ಎಂದು ಒಮ್ಮೆ ಅತ್ತಳು. ಇವಳಾದರೂ ತಟ್ಟಿದಳಲ್ಲ ಎಂದು ಇನ್ನೊಮ್ಮೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೊರಗೆ ಬಂದು, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಗಂಡನ ಮುಂದೆ ನಿಂತಳು.

“ಒಂದ ಟಾವೆಲ್ ಸಲುವಾಗಿ ಎರಡ ವರ್ಷ ನನ್ನ ತವರ ಮುಳುಗಿಸಿದ್ರಲ್ಲ, ಇನ್ನ ಸಾಕು. ನಮ್ಮಣ್ಣ ಬರತಾನ. ನೀವು ಬಾಯಿ ತಗದ್ರ ಅವನ ಹಿಂದ ನಾನೂ ಹೋಗತೀನಿ, ತಿರುಗಿ ಬರಂಗಿಲ್ಲ.”

ಮಂಜಪ್ಪ ಸುಣ್ಣದ ಬೆರಳು ಹಾಗೇ ಹಿಡಿದು ಅವ್ವನ ಕಡೆ ನೋಡಿದ.

“ನನ್ನೇನ ನೋಡ್ತೀ?” ಎಂದಳು ಕಸ್ತೂರೆವ್ವ. “ಆಕಿ ಹೇಳೂದರಾಗ ತಪ್ಪೇನೈತಿ? ಒಂದ ಧೋತರ ಬೇಕಂದ್ರ ನಾನ ತಂದ ಕೊಡತೀನಿ, ಹೊದ್ದಕೊಂಡ ಕುಂದರು.”

ಬಸಲಿಂಗವ್ವ ಸ್ನೇಹಾನ ಕೈಯಿಂದ ಫೋನು ತೆಗೆದುಕೊಂಡು ಮೊದಲ ಬಾರಿಗೆ ಕಿವಿಗೆ ಹಿಡಿದಳು. ಆ ಕಡೆಯಿಂದ “ಶಾಂಭವಿ ತಂಗೀ?” ಎಂದು ಬಂತು. “ಅಲ್ಲೋ ಯಣ್ಣಾ, ನಾ,” ಎಂದಳು. ಆಮೇಲೆ, “ಬಾ,” ಎಂದಳು.

ಮರುದಿನ ಮುಂಜಾನೆ ಅವಳು ಹಸಿರು ಗಂಟು ಇಳಿಸಿ, ಸೆರಗಿನ ತುದಿಯ ಆ ಒಂದು ಕಾಳನ್ನೂ ಬಿಚ್ಚಿ ಅದರೊಳಗೆ ಹಾಕಿ, ಅಕ್ಕಿ ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು ಬೆಲ್ಲದ ಹುಗ್ಗಿ ಮಾಡಿದಳು. ಹಳೆಯ ಅಕ್ಕಿ, ಬೇವಿನ ವಾಸನೆ ಸ್ವಲ್ಪ ಉಳಿದಿತ್ತು. ಎಲ್ಲರೂ ಉಂಡರು. ಅಣ್ಣಿಗೇರಿಗೆ ಹೊರಟ ಈರೇಶನ ಕೈಗೆ ಒಂದು ಡಬ್ಬಿ ಕೊಟ್ಟಳು.

ಕಸ್ತೂರೆವ್ವ ಹುಬ್ಬೇರಿಸಿದಳು. “ಉಡಿ ಅಕ್ಕಿ ಹುಗ್ಗಿ ಮನಿ ದಾಟಬಾರದಲ್ಲ?”

“ಎಲ್ಲಿ ದಾಟತೈತಿ? ಮನಿಯಾಕಿಗೆ ಕಳಿಸಾಕತ್ತೀನಿ.”

ದ್ಯಾಮಣ್ಣ ಸೋಮವಾರ ಬಂದ. ಬಗಲಲ್ಲಿ ಒಂದು ಹೊಸ ಧೋತರ. ಮಂಜಪ್ಪ ಬೇಡ ಬೇಡ ಎನ್ನುತ್ತ ಹೊದಿಸಿಕೊಂಡ. ಬಸಲಿಂಗವ್ವ ತಂಬೂರಿನಲ್ಲಿ ವಾರ ಇದ್ದು ಅತ್ತಿಗೆಯ ಕೈಯಿಂದ ಉಡಿ ತುಂಬಿಸಿಕೊಂಡಳು. ತಮ್ಮದೇ ಗದ್ದೆಯ ಅಕ್ಕಿ. ಅಣ್ಣ ಬಸ್ಸಿಗೆ ಹತ್ತಿಸುವಾಗ, “ಆ ಹುಡುಗಿ ಭಾಳ ಚೊಲೋ ಐತಿ ನೋಡು,” ಎಂದ.

“ಆಕೀನ? ಎಲ್ಲಾದ್ರಾಗೂ ಮೂಗ ತೂರಸತಾಳ,” ಎಂದಳು ಬಸಲಿಂಗವ್ವ.

ಮನೆಗೆ ಬಂದಾಗ ಹಿತ್ತಲಲ್ಲಿ ಶಾಂಭವಿ ಭಾಂಡೆ ತಿಕ್ಕುತ್ತಿದ್ದಳು. ಫೋನು ಮತ್ತೆ ಅದೇ ಬಾನಿಯ ಅಂಚಿನ ಮೇಲೆ. ಬೀಗತಿ ಅದರೊಳಗಿಂದ, “ನಿಮ್ಮ ನೆಗೆಣ್ಣಿ ಇನ್ನೂ ತವರಾಗ ಅದಾಳೇನು? ಎಲ್ಲಾ ಕೆಲಸಾ ನಿನ್ನ ಕೊಳ್ಳಿಗೇ ಬಿತ್ತು,” ಎನ್ನುತ್ತಿದ್ದಳು.

ಬಸಲಿಂಗವ್ವ ಉಡಿ ಇನ್ನೂ ಬಿಚ್ಚಿರಲಿಲ್ಲ. ಒಂದು ಕೈಯಲ್ಲಿ ಉಡಿ ಹಿಡಿದುಕೊಂಡು ಸರಸರ ಬಂದಳು. ಇನ್ನೊಂದು ಕೈಯಿಂದ ಫೋನನ್ನು ಎತ್ತಿ, “ಬಂದೀನ್ರೀ ಅಕ್ಕಾರ, ನೀವಿನ್ನ ನಿಮ್ಮ ಮನಿ ಒಲಿ ನೋಡಿಕೋರಿ,” ಎಂದು ಬೀಗತಿಗೆ ಹೇಳಿ, ಸೆರಗಿನಿಂದ ಒರೆಸಿದಳು. ಶಾಂಭವಿ ಬೂದಿ ಕೈಯಲ್ಲೇ ಎದ್ದು ನಿಂತಳು.

“ಎಷ್ಟ ಸಲ ಹೇಳಬೇಕ ನಿನಗ? ಬಾನಿ ಮ್ಯಾಲ ಇಡಬ್ಯಾಡ,” ಬಸಲಿಂಗವ್ವ ಗದರಿದಳು. ಅದನ್ನು ಅವಳು ಹೇಳುತ್ತಿದ್ದುದು ಇದೇ ಮೊದಲ ಸಲ. “ಇದು ನಿನ್ನ ಒಬ್ಬಾಕಿ ಫೋನ್ ಅಂತ ತಿಳದಿ ಏನು? ಇದರಾಗ ನಮ್ಮಣ್ಣನ ಕರೆ ಬರೂದಿರತೈತಿ.”

ಒಳಗೆ ಹೋಗಿ ಅದನ್ನು ಮಾಡದಲ್ಲಿಟ್ಟಳು. ಹಸಿರು ಗಂಟು ಇದ್ದ ಜಾಗದಲ್ಲಿ.